ಪ್ಲಸ್ ಎರಡೂವರೆ

ಸಂಸ್ಥೆ ಅಂದರೆ ಇಬ್ಬರು.
ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ನೆರಿಸ್,
ಮೊಣಕಾಲು ಹಿಡಿದುಕೊಂಡೇ ಕೂರುವ ಅವಳ ಅಣ್ಣ ಎಮ್ರಿಸ್.
ವೇಲ್ಸಿನ ಯಾವುದೋ ಊರಲ್ಲಿ
ಕಾರಿನ ಶೆಡ್ಡೇ ಅವರ ಕಚೇರಿಯಂತೆ.
ಅಲ್ಲಿಂದ ಶೀರೆ ನದಿಯ ದಡಕ್ಕೆ, ನಮ್ಮೂರಿಗೆ,
ಆರು ರಟ್ಟಿನ ಪೆಟ್ಟಿಗೆ ಬಂದವು.
ತುಂಬ ಕನ್ನಡಕ,
ಯಾರ್‍ಯಾರದೋ ಮೂಗಿನಿಂದ ಇಳಿದವು.

ನಾನು ಆರೋಗ್ಯ ಕೇಂದ್ರದ ಲಾಕ್ಸನ್.
ಅವರ ಮಾತು ಇವರಿಗೆ, ಇವರ ಮಾತು ಅವರಿಗೆ
ದಾಟಿಸುವ ದೋಣಿ ಕೆಲಸ ನನ್ನದು.

ಮಾವಿನ ಮರಕ್ಕೆ ಅಕ್ಷರದ ಪಟ್ಟಿ ಕಟ್ಟಿದೆವು.
ಪಟ್ಟಿಯ ಮೇಲೆ ಹರಿದ ಇರುವೆಯನ್ನೂ
ಅಕ್ಷರವೆಂದು ಓದಿದ ಒಬ್ಬ.
ಎರಡು ಪದರದ ಗಾಜು ಹಾಕಿಕೊಂಡ ಸಂಡಿಕೊಂಡ ತಾತ
ಒಂದು ಕಾಲೆತ್ತಿ ನಿಂತೇಬಿಟ್ಟ:
'ನೆಲ ಎರಡಾಗಿದೆ, ಯಾವುದರ ಮೇಲೆ ಇಡಲಿ?'
ಹೇಗೋ ನುಸುಳಿಬಂದಿದ್ದ ಈಜುಗನ್ನಡಕ
ಹುಡುಗ ಮಸೌಕೊನ ಪಾಲಾಯಿತು.
ಅವನು ನದಿಯ ಕಡೆ ತಿರುಗುವಷ್ಟರಲ್ಲಿ
ತಾಯಿ ಕಿವಿ ಹಿಡಿದಳು:
'ಮೊಸಳೆ ನಿನಗೆ ಕಂಡರೆ ಸಾಕೇನೋ?
ನೀನು ಅದಕ್ಕೆ ಕಾಣಬಾರದಲ್ಲ!'
ಇದನ್ನು ನಾನು ದಾಟಿಸಿದೆ. ಎಮ್ರಿಸ್ ತುಂಬ ಹೊತ್ತು ನಕ್ಕ.

ಎನಿಫಾ ಬಂದದ್ದು ಇಳಿಹೊತ್ತಿನಲ್ಲಿ.
ಒಂಬತ್ತು ವರ್ಷದಿಂದ
ತೊಗರಿಯಿಂದ ಕಲ್ಲನ್ನು ಬೆರಳಲ್ಲೇ ಆರಿಸುವವಳು.
ಆರು ಜೊತೆ ಹಾಕಿದಳು, ತೆಗೆದಳು.
ಏಳನೆಯದು ಗುಲಾಬಿ ಬಣ್ಣದ್ದು,
ಒಂದು ಕಿವಿಗಡ್ಡಿಗೆ ತಂತಿ ಸುತ್ತಿದ್ದು.
ಪ್ಲಸ್ ಎರಡೂವರೆ, ಎಂದು ಬರೆದುಕೊಂಡೆ.

ಮೊದಲು ತನ್ನ ಅಂಗೈ ನೋಡಿದಳು,
ಆಮೇಲೆ ಅಂಗೈಯ ಹಿಂದೆ.
ನೆರಿಸ್ ಕ್ಯಾಮೆರಾ ಹಿಡಿದು ಕಾದಳು:
ಅಂಚೆಯ ಖರ್ಚು ಕೊಟ್ಟವರಿಗೆ
ಒಂದು ನಗು ಬೇಕಾಗಿತ್ತು.
ಎನಿಫಾ ನಗಲಿಲ್ಲ. ಎದ್ದು ಮನೆಗೆ ಹೋದಳು.

ಬರುವಾಗ ಒಂದು ಕೈಯಲ್ಲಿ ಜಗುಲಿ ಬ್ಯಾಂಕಿನ ಪುಸ್ತಕ,
ಇನ್ನೊಂದರಲ್ಲಿ ದಾರ.
ಹನ್ನೆರಡು ಹೆಂಗಸರು, ತಗಡಿನ ಪೆಟ್ಟಿಗೆ,
ಮೂರು ಬೀಗ, ಮೂರು ಮನೆಯಲ್ಲಿ ಮೂರು ಕೀಲಿ.
ಬರೆಯುವವನು ಮಾತ್ರ ಒಬ್ಬನೇ, ಮೈದುನ ವೈಸನ್,
ಕಣ್ಣಿದ್ದವನು ಎಂಬ ಕಾರಣಕ್ಕೆ.
ಮಿಷನ್ ಶಾಲೆಯ ನಾಲ್ಕನೇ ತರಗತಿ
ಅವಳ ಬೆರಳ ತುದಿಗೆ ನಿಧಾನ ವಾಪಸು ಬಂತು.
ಹಣ ಕಟ್ಟಿದ ಪ್ರತಿ ಶನಿವಾರ
ಅವಳು ದಾರಕ್ಕೆ ಒಂದು ಗಂಟು ಹಾಕಿದ್ದಳು.
ದಾರದಲ್ಲಿ ನಲವತ್ತೊಂದು ಗಂಟು.
ಪುಸ್ತಕದಲ್ಲಿ ಮೂವತ್ತಾರು.

ಮರದ ಕೆಳಗೆ ಗದ್ದಲವೆದ್ದಿತು.
'ಏನಂತೆ?' ಎಂದಳು ನೆರಿಸ್.
'ಲೆಕ್ಕ ಹೇಳುತ್ತಿದ್ದಾರೆ' ಎಂದೆ.
ಸುಳ್ಳಲ್ಲ.
ಆದರೂ ದೋಣಿಯಲ್ಲಿ ಅರ್ಧ ಸರಕನ್ನು
ಈ ದಡದಲ್ಲೇ ಬಿಟ್ಟುಬಂದೆ.

'ನನಗೂ ಸರಿಯಾಗಿ ಕಾಣುತ್ತಿರಲಿಲ್ಲ' ಎಂದ ವೈಸನ್.
ಅವನ ಕೈಗೊಂದು ಸಣ್ಣ ಪಟ್ಟಿ ಕೊಟ್ಟರು.
ಮೊದಲ ಸಾಲು ಓದಿದ, ಎರಡನೆಯದು ಓದಿದ,
ಮೂರನೆಯದರಲ್ಲಿ ತಡವರಿಸಿದ.
ತಡವರಿಸಿದ್ದು ಕಣ್ಣೋ ನಾಲಿಗೆಯೋ
ಅಳೆಯುವ ಪಟ್ಟಿ
ಆರು ಪೆಟ್ಟಿಗೆಯಲ್ಲಿ ಎಲ್ಲೂ ಇರಲಿಲ್ಲ.
ಪ್ಲಸ್ ಒಂದೂವರೆ. ಅದನ್ನೂ ಬರೆದುಕೊಂಡೆ.

ಪ್ರಯೋಜನ ಪಡೆದವರು: ನೂರಾ ಹದಿಮೂರು.
ಷರಾ ಎಂಬ ಖಾನೆ ಖಾಲಿ ಬಿಟ್ಟೆ.

ಅವರು ಕಳಿಸಿದ ಫೋಟೊ ಕೇಂದ್ರದ ಗೋಡೆಯಲ್ಲಿದೆ.
ಗುಲಾಬಿ ಚೌಕಟ್ಟಿನ ಮೇಲಿಂದ
ಎನಿಫಾ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ,
ಅದರ ಬಾಕಿಯೂ ಇನ್ನೂ ತೀರಿಲ್ಲ ಎನ್ನುವ ಹಾಗೆ.
ಈಗ ಪುಸ್ತಕ ಬರೆಯುವವಳು ಅವಳೇ.
ವೈಸನ್ ಐದು ಶನಿವಾರದ ಹಣ ಕಟ್ಟಿಕೊಟ್ಟ,
ಅವಳಿಗೆ 'ಅತ್ತಿಗೆ' ಅನ್ನುವುದನ್ನು ಬಿಟ್ಟ.

ಮಳೆಗಾಲದಲ್ಲಿ ಆ ತಂತಿ ಕಿತ್ತಿತು.
ವೇಲ್ಸಿಗೆ ಬರೆದು ಕಾಯುವಷ್ಟು ಪುರುಸೊತ್ತು
ಶನಿವಾರಕ್ಕೆ ಇರಲಿಲ್ಲ.
ನನ್ನ ಸೈಕಲ್ಲಿನ ಹಿಂದಿನ ಚಕ್ರದಿಂದ
ಒಂದು ಕಡ್ಡಿ ಮುರಿದು, ಬಗ್ಗಿಸಿ ಕೂರಿಸಿದೆ.

ಚಕ್ರ ಈಗ ಎಡಕ್ಕೆ
ಸ್ವಲ್ಪ ವಾಲುತ್ತದೆ.