ಉಪಪಂಗಡ ಅಡ್ಡಿಯಿಲ್ಲ

ದುರ್ಗಿಗುಡಿಯ ಅಡ್ಡರಸ್ತೆ, ಬಳೆ ಅಂಗಡಿಯ ಪಕ್ಕ,
ಎರಡು ಕಂಪ್ಯೂಟರು, ಒಂದು ಜೆರಾಕ್ಸು, ಒಂದು ಸ್ಟೂಲು.
ಹದಿನಾಲ್ಕು ವರ್ಷದಿಂದ ಶಿವಮೊಗ್ಗದ ಅರ್ಧ ಮದುವೆಗಳನ್ನು
ಹುಟ್ಟುವ ಮೊದಲೇ ಟೈಪು ಮಾಡಿದವಳು ನಾನು.

ಹೆಸರು, ನಕ್ಷತ್ರ, ಎತ್ತರ, ಬಣ್ಣ.
ಬಣ್ಣ ಬಂದಾಗ ಅಮ್ಮಂದಿರು ಮಗಳ ಕಡೆ ನೋಡುವುದಿಲ್ಲ,
ನನ್ನ ಕೀಲಿಮಣೆ ನೋಡುತ್ತಾರೆ:
'ಗೋಧಿ ಅಂತ ಹಾಕಮ್ಮ. ಎಣ್ಣೆಗೆಂಪು ಅಂದ್ರೂ ನಡೀತದೆ.'
ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ
ಅಮಾವಾಸ್ಯೆ ಹುಡುಕುತ್ತಾಳೆ.

ವಿನೋಬನಗರದ ಬಸವಂತಯ್ಯನವರು
'ಉಪಪಂಗಡ ಅಡ್ಡಿಯಿಲ್ಲ' ಅಂತ ದಪ್ಪಕ್ಷರದಲ್ಲಿ ಹಾಕಿಸಿದರು,
ಮೆಟ್ಟಿಲಿಳಿದವರು ವಾಪಸ್ಸು ಬಂದು
ತಗ್ಗಿದ ದನಿಯಲ್ಲಿ ಕೇಳಿದರು: 'ಇಷ್ಟು ದಪ್ಪ ಬೇಕಾ?'
ಫಿಲೋಮಿನಾ ಟೀಚರಿಗೆ ಭಾನುವಾರದ ಪೂಜೆ ತಪ್ಪಿಸದ ಹುಡುಗ,
ಕೆಲಸ ಆಮೇಲೆ ಸಿಗುತ್ತದಂತೆ.
ಮುಮ್ತಾಜ್ ಆಪಾಗೆ ಮನೆ ಭದ್ರಾವತಿ ದಾಟಿರಬಾರದು,
'ಮಗಳು ಅತ್ತರೆ ಒಂದೇ ಬಸ್ಸಲ್ಲಿ ಮುಟ್ಟಬೇಕು ನಾನು.'
ಅದೊಂದನ್ನು ಮಾತ್ರ ನಗದೆ ಟೈಪು ಮಾಡಿದೆ.

ನಗುತ್ತಿದ್ದೆ, ಹೌದು. ಮೂಲಾ ಆದರೆ ಮಾವನಿಗೆ ಕಂಟಕ,
ಆಶ್ಲೇಷಾ ಆದರೆ ಅತ್ತೆಗೆ,
ಕಾಲಿನ ಎರಡನೇ ಬೆರಳು ಉದ್ದವಿದ್ದರೆ
ಗಂಡ ಬಾಯಿ ತೆರೆಯುವಂತಿಲ್ಲ.
(ನನ್ನದು ಉದ್ದವೇ. ಸ್ಟೂಲಿನ ಕೆಳಗೆ ಅಡಗಿಸಿಕೊಂಡು ನಗುತ್ತಿದ್ದೆ.)

ನನಗೆ ಇಂಥದ್ದೇನೂ ಇಲ್ಲ ಅಂದುಕೊಂಡಿದ್ದೆ.
ಯಾವ ಜಾತಿಯಾದರೂ ಸರಿ, ಯಾವ ಊರಾದರೂ ಸರಿ,
ಮೀನು ತಿನ್ನಲಿ, ಮೊಸರನ್ನ ತಿನ್ನಲಿ,
ಗುನುಗುವವನು ಮಾತ್ರ ಬೇಡ.

ಯಾಕೆ ಅಂತ ಯಾರೂ ಕೇಳಲಿಲ್ಲ. ಬಯೋಡೇಟಾದಲ್ಲಿ ಅಂಥ ಕಾಲಂ ಇಲ್ಲ.
ಅಪ್ಪ ಗುನುಗುತ್ತಿದ್ದ, ಕನ್ನಡಿಯ ಮುಂದೆ, ಕೆನ್ನೆ ತುಂಬ ನೊರೆ.
ಅದೇ ಗುನುಗಿನಲ್ಲಿ ಶರ್ಟಿನ ಗುಂಡಿ ಹಾಕಿಕೊಂಡು
'ಕೊಪ್ಪದಲ್ಲಿ ಲೆಕ್ಕ ತಪಾಸಣೆ' ಅಂತ ಹೊರಡುತ್ತಿದ್ದ.
ಕೊಪ್ಪದಲ್ಲಿ ನನ್ನದೇ ಮೂಗಿನ ಇಬ್ಬರು ಮಕ್ಕಳಿದ್ದಾರೆಂದು
ಹದಿನೇಳನೇ ವಯಸ್ಸಿಗೆ ಗೊತ್ತಾಯಿತು.

ಅವತ್ತಿನಿಂದ ಇದು ನನ್ನ ಪಂಚಾಂಗ:
ಸುಮ್ಮನೆ ಕೆಲಸ ಮಾಡುವವನು ಸಾಚಾ, ರಾಗ ಎಳೆಯುವವನು ಕಳ್ಳ.
ಇದರ ಪ್ರಕಾರ ಇಬ್ಬರನ್ನು ಬಿಟ್ಟೆ.
ಒಬ್ಬ ಒಳ್ಳೆಯವನೇ. ಈಗ ಸಾಗರದಲ್ಲಿ ಕನ್ನಡಕದ ಅಂಗಡಿ,
ಗಿರಾಕಿಗೆ ಅಕ್ಷರದ ಬೋರ್ಡು ತೋರಿಸುತ್ತ ಗುನುಗುತ್ತಾನಂತೆ.

ಟೋನರು ತುಂಬಲು ಬರುವವನು ದಯಾಕರ.
ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಕಲಿತ ಕೆಲಸ.
ಬೆರಳೆಲ್ಲ ಕಪ್ಪು, ಮೂಗಿನ ಮೇಲೂ ಒಂದು ಗೆರೆ.
ನೀರು ಕೊಟ್ಟರೆ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ
ಒತ್ತಿ ಹಿಡಿದು ಕುಡಿಯುತ್ತಾನೆ, ಮಸಿ ಹತ್ತಬಾರದೆಂದು.
ಮೂರು ವರ್ಷ ಅದನ್ನು ನೋಡಿದೆ. ನೋಡಿದೆ, ಅಷ್ಟೆ.
ಗುನುಗುತ್ತಾನೆ ಪುಣ್ಯಾತ್ಮ,
ಸ್ಕ್ರೂ ಬಿಚ್ಚುವುದರಿಂದ ಹಾಕುವವರೆಗೆ.

ಮೂಲಾ ನಕ್ಷತ್ರಕ್ಕಾದರೆ ಶಾಂತಿ ಇದೆ, ದಕ್ಷಿಣೆ ಕೊಟ್ಟರೆ ಮುಗಿಯಿತು.
ಗುನುಗಿಗೆ ಯಾವ ಹೋಮ?

ಕಳೆದ ಗುರುವಾರ ಕರೆಂಟು ಹೋಗಿತ್ತು,
ಯುಪಿಎಸ್ಸು ಕೂಗಿ ಕೂಗಿ ಸುಮ್ಮನಾಗಿತ್ತು.
ಕೇಳಿಯೇಬಿಟ್ಟೆ: 'ಅದೇನು ರಾಗ, ಯಾವಾಗಲೂ ಅದೇ?'
ಕಚ್ಚಿಕೊಂಡಿದ್ದ ಟಾರ್ಚನ್ನು ಬಾಯಿಂದ ತೆಗೆದ.
'ನಿಮ್ದೇ ಅಲ್ವಾ ಮೇಡಂ. ಟೈಪ್ ಮಾಡುವಾಗ ನೀವು...
ನಂಗೂ ಅಂಟಿಬಿಡ್ತು.'

ಇಲ್ಲ, ಅಂದೆ. ನಾನಾ? ಇಲ್ಲ.
ಅವನು ಎರಡು ಸಾಲು ಕೇಳಿಸಿದ.
ಕನ್ನಡಿ. ನೊರೆ. ಶರ್ಟಿನ ಮೇಲಿನ ಗುಂಡಿ.

ಕರೆಂಟು ಬಂತು. ಬಸವಂತಯ್ಯನವರ ಮಗಳ ಹಾಳೆ ಹೊರಬಂತು.
ಹೊಸ ಟೋನರಿನ ಮೊದಲ ಪ್ರತಿ ಮಸಿ ಕಕ್ಕುತ್ತದೆ,
ಗಿರಾಕಿಗೆ ಕೊಡುವಂತಿಲ್ಲ.
ಹರಿಯಲು ಎತ್ತಿಕೊಂಡವಳು ಮಡಿಸಿ ಡ್ರಾಯರಿಗೆ ಹಾಕಿದೆ.
'ಹುಡುಗನಲ್ಲಿ ನಿರೀಕ್ಷೆ' ಅನ್ನುವ ಸಾಲಿನ ಮೇಲೆ
ಒಂದು ಹೆಬ್ಬೆರಳು ಬಿದ್ದಿತ್ತು, ಅವನದೇ ಇರಬೇಕು.
ನನ್ನ ಕೈ ನೋಡಿಕೊಂಡೆ.
ಅದೂ ಕಪ್ಪಾಗಿತ್ತು.