ಇಡುಗಂಟು

ಪತ್ರ ಬಂದದ್ದು ಆಷಾಢದ ಒಂದು ಬುಧವಾರ, ಅಂಚು ನೆಂದು.
ನೀವು ಮೂರು ರೂಪಾಯಿ ಕೂಡಿಸಿದರೆ ನಾವು ಒಂದು ಸೇರಿಸುತ್ತೇವೆ.
ಹದಿನೆಂಟು ತಿಂಗಳ ಗಡುವು.
ಅಸಲು ಮುಟ್ಟುವಂತಿಲ್ಲ, ಬಡ್ಡಿಯಷ್ಟೇ ನಿಮ್ಮದು.
ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ
ಉಳಿತಾಯದ ಕಿಟಕಿ ಹಿಂದೆ ಕೂತವನು ನಾನು,
ಬಡ್ಡಿ ನನಗೆ ಬಾಯಿಪಾಠ.
ಆದರೂ ಕೊಡುವವರು ಮೊದಲು ನಮ್ಮನ್ನೇ ಬೇಡಲು ಕಳಿಸುತ್ತಾರೆಂಬುದು
ಮೂರನೆಯ ಓದಿಗೆ ತಿಳಿಯಿತು.

ನಮ್ಮದೇನು ದೊಡ್ಡ ಸಂಸ್ಥೆಯಲ್ಲ.
ಕಾರವಾರದ ಕೋಡಿಬಾಗದಲ್ಲಿ
ಮಂಜುಗಡ್ಡೆ ಕಾರ್ಖಾನೆಯ ಮೇಲೆ ಎರಡು ಕೋಣೆ,
ಕೆಳಗೆ ಯಂತ್ರ ಹೂಂಗುಟ್ಟಿದರೆ ಮೇಲೆ ಕಪಾಟು ಹಲ್ಲು ಕಡಿಯುತ್ತದೆ.
ನೌಕಾನೆಲೆಗೆಂದು ಎದ್ದುಹೋದ ಊರುಗಳ ಕಾಗದ,
ಮೋಡಿ ಲಿಪಿಯ ಬಂದರು ಲೆಕ್ಕ,
ಮದುವೆಮನೆಯ ಒಗಟುಗಳ ಕ್ಯಾಸೆಟ್ಟು ನೂರ ಹನ್ನೆರಡು,
ಮತ್ತು ಮೋಡಿ ಓದಬಲ್ಲ ಒಬ್ಬರೇ ಒಬ್ಬರು,
ಯಶವಂತ ಕೊಚರೇಕರ, ಎಂಬತ್ತೊಂದು,
ಎಡಗಣ್ಣಿಗೆ ಪೊರೆ.
ಅವರೆದುರು ಕೂತು ಕಲಿಯುವ ತನ್ವಿ ಹರಿಕಂತ್ರ
ಬಸ್ಸಿಗೆ ಕಾಸಿಲ್ಲದ ದಿನ ಬರುವುದಿಲ್ಲ.
ಆ ಬಸ್ಸಿನ ಕಾಸಿಗೆ,
ಅವಳ ನಂತರ ಬರುವವಳ ಬಸ್ಸಿನ ಕಾಸಿಗೆ,
ರಸೀದಿ ಪುಸ್ತಕ ಹಿಡಿದು ಹೊರಟೆ.

ಫ್ಯಾನು ಕೊಡಲು ಎಲ್ಲರೂ ತಯಾರು.
ಆರು ಈಗಲೇ ಇವೆ,
ರೆಕ್ಕೆಯ ಮೇಲೆ ಕೆಂಪಕ್ಷರದಲ್ಲಿ ದಾನಿಗಳ ತೀರ್ಥರೂಪರು.
ತಿರುಗಿದರೆ ಓದಲಾಗದು,
ಓದಬೇಕೆಂದರೆ ಸೆಕೆ.
ಹಾರ್ಡ್‌ವೇರಿನ ದಿಗಂಬರ ಶೇಟ್ ನಕ್ಕರು:
"ಬಡ್ಡಿಯ ಮೇಲೆ ಹೆಸರು ಬರೆಸೋದೆಲ್ಲಿ, ಮಾರಾಯ್ರೆ?"
ಆಮೇಲೆ ಚಹಾ, ಗೊಣಗಾಟ, ಐದು ಸಾವಿರ.

ಮೀನು ಮಾರುಕಟ್ಟೆಯಲ್ಲಿ ಮೋಹಿನಿ ತಾಂಡೇಲ
ಬಂಗಡೆಗೆ ನೀರು ಚಿಮುಕಿಸುತ್ತ ಕೇಳಿದಳು:
"ಕೂಡಿಸ್ತೀರಿ, ಖರ್ಚು ಮಾಡೋದಿಲ್ಲ ಅಂತೀರಿ. ಮತ್ತೆ ಯಾಕೆ?"
ನಾನು ಶೇಕಡಾ ಏಳೂವರೆಯಿಂದ ಶುರುಮಾಡಿದೆ.
ಅವಳು ಕೈಯೆತ್ತಿದಳು.
"ಜೂನು ಜುಲೈ ಬಲೆ ಇಳಿಸೋದಿಲ್ಲವಲ್ಲ, ಹಾಂಗೆ ತಾನೆ?
ಹೊಟ್ಟೇಲಿ ಮೊಟ್ಟೆ ಇದ್ದದ್ದನ್ನ ಹಿಡೀಬಾರದು."
ಹಾಂಗೇ, ಎಂದೆ.
"ಆ ಎರಡು ತಿಂಗಳು ನಾವೇನು ತಿಂತೇವೆ, ಅದನ್ನ ಮಾತ್ರ ಯಾರೂ ಕೇಳೋದಿಲ್ಲ."
ಐವತ್ತರ ನೋಟು ಕೊಟ್ಟಳು, ಒದ್ದೆ.
ರಸೀದಿ ಬೇಡವೆಂದಳು. ಬೇಕೇ ಬೇಕು, ಎಂದೆ ನಾನು.

ಪತ್ರದ ನಾಲ್ಕನೆಯ ಪುಟ:
ವಸ್ತುರೂಪದ ದೇಣಿಗೆ ಲೆಕ್ಕಕ್ಕಿಲ್ಲ. ಶ್ರಮವೂ ಇಲ್ಲ.
ಆದ್ದರಿಂದ ಲೆಕ್ಕಕ್ಕೆ ಬಾರದವು:
ಒಣಸಿಗಡಿ ಅರ್ಧ ಕಿಲೊ.
ಪರ್ಸು ಆಚಾರಿ ಗೆದ್ದಲು ಕೆರೆದು ಕಪಾಟು ರಿಪೇರಿ ಮಾಡಿದ ಮೂರು ದಿನ.
ಬೈತಖೋಲದ ಹುಡುಗನೊಬ್ಬ, ಹೆಸರು ಕೇಳಲು ಮರೆತೆ,
ಸಿಕ್ಕುಬಿದ್ದ ಟೇಪನ್ನು ಪೆನ್ಸಿಲಿಗೆ ಸುತ್ತಿ ಬಿಡಿಸಿದ ಮಧ್ಯಾಹ್ನಗಳು.
ಸದಾಶಿವಗಡದ ಫ್ರಾನ್ಸಿಸ್ಕಾಬಾಯಿ
"ದುಡ್ಡಿಲ್ಲ, ಇದನ್ನ ಬರಕೊ" ಎಂದು ಕೊಟ್ಟ ಒಗಟು:
ಮೂವರು ಅಕ್ಕತಂಗಿಯರು ಸುಟ್ಟುಕೊಂಡರು,
ಹೊಟ್ಟೆ ತುಂಬಿದ್ದು ನಾಲ್ಕನೆಯವಳಿಗೆ.
ಉತ್ತರ ಹೊಳೆದದ್ದು ವಾಪಸು ಬರುವಾಗ, ಕಾಳಿ ಸೇತುವೆಯ ನಡುಮಧ್ಯೆ.
ಒಲೆಯ ಮೂರು ಕಲ್ಲು, ಮೇಲೊಂದು ಗಡಿಗೆ.
ಮೂರಕ್ಕೆ ಒಂದು.
ಮುದುಕಿ ನನ್ನ ಪತ್ರ ಓದಿರಲಿಲ್ಲ.

ಇವನ್ನೆಲ್ಲ ಬೇರೊಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುತ್ತ ಹೋದೆ,
ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕೊನೆಯ ದಿನ ಸಂಜೆ ಎರಡು ಸಾವಿರದ ಮುನ್ನೂರು ಕಡಿಮೆ.
ಪಿಂಚಣಿಯಿಂದ ಹಾಕಿದೆ.
ಯಾರಿಗೂ ಹೇಳಿಲ್ಲ, ಇಲ್ಲಿ ಬರೆದೆ ಅಷ್ಟೆ.

ಗಂಟು ಈಗ ಬ್ಯಾಂಕಿನಲ್ಲಿದೆ, ನನಗಿಂತ ಹೆಚ್ಚು ಬಾಳಲಿ.
ಮೊದಲ ಬಡ್ಡಿಯಲ್ಲಿ ಬಂದದ್ದು ಒಂದು ಬಸ್ ಪಾಸು, ಎರಡು ಡಬ್ಬಿ ಗೆದ್ದಲು ಔಷಧಿ.
ಕೊಚರೇಕರರ ಕಣ್ಣಿನ ಆಪರೇಶನ್ನಿಗೆ ನಿಯಮ ಒಪ್ಪಲಿಲ್ಲ;
ಅವರು ಒಂದೇ ಕಣ್ಣಲ್ಲಿ ಕಲಿಸುತ್ತಿದ್ದಾರೆ, ಬೈಯುತ್ತಾ.

ನಿನ್ನೆ ತನ್ವಿ ನನ್ನ ಪೆನ್ಸಿಲಿನ ಪುಸ್ತಕ ಕೇಳಿ ತೆಗೆದುಕೊಂಡಳು.
ಬಟ್ಟೆ ಸುತ್ತಿ, ಚೀಟಿ ಅಂಟಿಸಿ, ಬಂದರು ಲೆಕ್ಕಗಳ ಪಕ್ಕ ಇಟ್ಟಳು.
ಬಗ್ಗಿ ನೋಡಿದೆ:
ದಾಖಲೆ ೨೦೪೧. ಲಿಪಿ ಕನ್ನಡ.
ಕೈಬರಹ ಕೆಟ್ಟದು, ನಿಧಾನ ಓದಬೇಕು.