ಕುರಿಪಾಠ

"ಒಳ್ಳೆಯ ಕುರುಬ ಅಂದರೆ ಯಾರು?"
ಪೂಜೆ ಮುಗಿದ ಮೇಲೆ, ಚರ್ಚಿನ ಹಿಂದಿನ ಶೀಟಿನ ಶೆಡ್ಡಿನಲ್ಲಿ ಕೇಳಿದೆ.
ಹದಿನಾಲ್ಕು ಮಕ್ಕಳು. ಕೈಯೆತ್ತಿದವ ದೊಮ್ಮಿ:
"ಜೇನು ಕೀಳುವವರು, ಟೀಚರ್.
ದುಬಾರೆಯಲ್ಲಿ ಆನೆ ಮೀಯಿಸುತ್ತಾರಲ್ಲ, ಅವರು."

ತಪ್ಪು ಅನ್ನಲು ಬಾಯಿ ಬರಲಿಲ್ಲ.
ಸಿದ್ದಾಪುರದಲ್ಲಿ ಕುರುಬರೆಂದರೆ ಅವರೇ.
ಕುರಿಯೆಂದರೆ
ಗೋದಲಿಗೆಂದು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದೇಳುವ,
ಹತ್ತಿ ಉದುರಿದ, ಜಿರಲೆ ಒಂದು ಕಿವಿ ತಿಂದ
ಮೂರು ಪ್ರಾಣಿ.

ಇಲ್ಲಿಯ ಮಳೆಗೆ ಗೊರಸು ಕೊಳೆಯುತ್ತದೆ.
ಜಿಗಣೆ ಮೂಗಿನೊಳಗೇ ಮನೆ ಮಾಡುತ್ತದೆ.
ಎರಡನೇ ಕಕ್ಕಡ ಕಂಡ ಕುರಿಯನ್ನು ನಾನಂತೂ ಕೇಳಿಲ್ಲ.
ಆದರೂ ಈಸ್ಟರಿನ ನಾಲ್ಕನೇ ಭಾನುವಾರ
ನಾವೆಲ್ಲ ಕುರಿಗಳಾಗುತ್ತೇವೆ,
ಮೈಲುತುತ್ತದ ನೀಲಿ ಬಿಡದ ಉಗುರುಗಳನ್ನು ಜೋಡಿಸಿ,
ತಲೆ ತಗ್ಗಿಸಿ.

ತಗ್ಗಿಸುವುದು ನನಗೆ ಕಷ್ಟವಲ್ಲ. ಲೈನ್‌ಮನೆಯಲ್ಲಿ ಹುಟ್ಟಿದವಳು.
ಏಳೂವರೆಗೆ ಗಂಟೆ. ಸಾಲು.
ಗಾಳಿಯನ್ನು ಚುಚ್ಚುತ್ತ ಬರುವ ರೈಟರನ ಪೆನ್ನು:
ಮೂವತ್ತಾರು, ಮೂವತ್ತೇಳು, ಮೂವತ್ತೆಂಟು.

ಹೋದ ವರ್ಷ ಕುಶಾಲನಗರದ ಗದ್ದೆಬಯಲಲ್ಲಿ
ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು.
ಸುಮ್ಮನೆ ಬಸ್ಸಿಳಿದೆ.
ಪಿರಿಯಾಪಟ್ಟಣದ ಕಡೆಯವನಂತೆ, ಬೀರಯ್ಯ.
"ಹೆಸರಿಟ್ಟು ಕರೀತೀರಾ?"
"ಮುನ್ನೂರಕ್ಕೆ ಎಲ್ಲಿಂದ ಹೆಸರು ತರ್ಲವ್ವ?
ಕೆಮ್ಮಿದ್ರೆ ಯಾವ್ದು ಅಂತ ಗೊತ್ತಾಯ್ತದೆ."
"ಒಂದು ತಪ್ಪಿಸಿಕೊಂಡರೆ?"
"ಹೋಯ್ತೀನಿ."
"ಉಳಿದವು?"
ಬೀಡಿ ಆರಿಸಿ ನನ್ನನ್ನು ಅಡಿಯಿಂದ ಮುಡಿಗೆ ನೋಡಿದ.
"ನಾಯಿ ಅದೆ. ತಮ್ಮ ಅವ್ನೆ.
ಒಬ್ಬಂಟಿ ಆದ್ರೆ ಯಾವನೂ ಹೋಗಕ್ಕಾಗಕಿಲ್ಲ."
"ಕೊನೆಗೆ ಇವನ್ನೆಲ್ಲ?"
"ವರ್ಷತೊಡಕಿಗೆ ಕೊಡ್ತೀನಿ."
ನಗಲಿಲ್ಲ ಅವನು. ಮರೆಮಾಚಲೂ ಇಲ್ಲ.
ಅವನ ಕಂಬಳಿಯೊಳಗೆ
ಹಿಂದಿನ ರಾತ್ರಿ ಹುಟ್ಟಿದ್ದೊಂದು ಬೆಚ್ಚಗೆ ಉಸಿರಾಡುತ್ತಿತ್ತು.

ಮಕ್ಕಳಿಗೆ ಇದನ್ನು ಹೇಳುವುದೋ ಬಿಡುವುದೋ?
ಬಿಟ್ಟೆ. ಅಪ್ಪನ ಕತೆ ಹೇಳಿದೆ.

ಇನ್ನಾಸಪ್ಪ ಮೇಸ್ತ್ರಿ. ನನಗಾಗ ಒಂಬತ್ತು.
ಮೆಣಸು ಕೊಯ್ಲಿನ ಸಂಜೆ
ಎಣಿಕೆ ಮೂವತ್ತೇಳಕ್ಕೇ ನಿಂತಿತು.
ಚೌರಮ್ಮ ಇಲ್ಲ.
ಕೆರೆ ಏರಿಯಲ್ಲಿ ಆನೆಯಿದೆ, ಬೆಳಗಾಗಲಿ, ಎಂದ ರೈಟರ್;
ಪುಸ್ತಕ ಮುಚ್ಚಿದ, ಮುಚ್ಚಳ ಹಾಕಿದ, ಜೀಪು ಹತ್ತಿದ.

ಅಪ್ಪ ಟಾರ್ಚು ಹಿಡಿದು ಹೋದ.
ಹುಡುಕಿದ್ದು ಟಾರ್ಚಲ್ಲ, ಅವಳ ಬಿಕ್ಕಳಿಕೆ.
ಸಿಲ್ವರ್ ಮರಗಳ ಕೆಳಗೆ ತೊಟ್ಟಿಲುಗುಂಡಿಗೆ ಬಿದ್ದು,
ಕಾಲು ಮುರಿದು, ಸೆರಗು ಬಾಯಿಗೆ ತುರುಕಿಕೊಂಡಿದ್ದಳು.
ಮೂವತ್ತು ಮಾರಿನಾಚೆ ಹಲಸಿನ ಬುಡದಲ್ಲಿ
ಕತ್ತಲೆ ಕಿವಿಯಾಡಿಸುತ್ತಿತ್ತು.

ಚಿತ್ರಪಟದಲ್ಲಿದ್ದಂತೆ ಹೆಗಲ ಮೇಲೆ ಹೊತ್ತು ತರಲಿಲ್ಲ.
ಟಾರ್ಚು ಆರಿಸಿದ.
ತಾನೂ ಗುಂಡಿಗಿಳಿದ.
ಅವಳ ಪಕ್ಕ, ಕೊಳೆತ ಎಲೆಯ ಮೇಲೆ,
ಬೆಳಗಿನವರೆಗೆ ಕೂತ.

ಎಲ್ಲರೂ ಹೇಳುವುದು ಇಷ್ಟೇ.
ಲೈನಿನ ಬಾಗಿಲಲ್ಲಿ ಅಷ್ಟೂ ಹೊತ್ತು
ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದ ಅಮ್ಮನನ್ನು,
ಒಳಗೆ ಮಲಗಿದ್ದ ಮೂವತ್ತೇಳು ತಲೆಗಳನ್ನು
ಯಾರೂ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ,
ಆ ಬಯಲಲ್ಲಿ ಬಸ್ಸಿಳಿಯುವವರೆಗೆ.
ಮರುದಿನ ಅವಳ ಬಲಗೈ ಅನ್ನದ ತುತ್ತು ಹಿಡಿಯಲಿಲ್ಲ.
ಚೆಕ್‌ರೋಲಿನಲ್ಲಿ ಮೂವರಿಗೂ ಗೈರು.

"ಹಾಗಾದರೆ ಟೀಚರ್, ಕುರಿ ಯಾರು?"
ಬೋರ್ಡಿನ ಮೇಲೆ ಕುರಿ ಬರೆಯಹೋದೆ,
ಹಂದಿಯಾಯಿತು. ಶೆಡ್ಡೆಲ್ಲ ನಗು.
ಅಷ್ಟರಲ್ಲಿ ಫೋನು ಮಿಣುಕಿತು, ಅರಣ್ಯದವರ ಸಂದೇಶ:
ಶಾಲೆ ಹಿಂದಿನ ತೋಟದಲ್ಲಿ ಮೂರು, ಒಂದು ಮರಿ.
ಬಾಗಿಲೆಳೆದು ಎಣಿಸಿದೆ.
ಹದಿಮೂರು.
ಮತ್ತೆ ಎಣಿಸಿದೆ. ದೊಮ್ಮಿ
ನೀರು ಕುಡಿಯಲು ನಲ್ಲಿಯ ಕಡೆ ಹೋಗಿದ್ದಾನೆ.

"ಫಿಲೋ, ನೀನು ದೊಡ್ಡವಳು, ಬಾಗಿಲಲ್ಲಿ ನಿಲ್ಲು.
ಇಕೋ ಡಸ್ಟರು, ಬೋರ್ಡು ಬಡಿ,
ನಿಲ್ಲಿಸಬೇಡ" ಎಂದು
ಕೊಡೆ ತೆಗೆದುಕೊಂಡೆ.